ಸೊರಬ ಸೀಮೆಯ ಮಂಗಳಾಲಂಕಾರಗಳು

೧

ಕರ್ಣಾಟಕದ ಪ್ರಾಚೀನ ಚರಿತ್ರೆಯನ್ನು ಅಭ್ಯಸಿಸುವವರಿಗೆ ಸೊರಬ ಶಿಕಾರಿಪುರಗಳ ಸೀಮೆಯು ಮುಖ್ಯವಾಗಿ ಕಲ್ಲಿನ ಮೂಲಕವೇ ಪರಿಚಿತವಾಗಿದೆ. ತಾಳಗುಂದದ ಸ್ತಂಭಶಾಸನ, ಬಳ್ಳಿಗಾವೆಯ ಕೇದಾರೇಶ್ವರ ತ್ರಿಪುರಾಂತಕ ದೇವಾಲಯಗಳು, ಬಂದಳಿಕೆಯ ಗುಡಿ ಬಸದಿಗಳು, ಕುಬಟೂರಿನ ಕೈಟಭೇಶ್ವರ, ಊರೂರಿನ ಕೆರೆಯ ಏರಿಗಳ ಮೇಲೆ ನಿಂತಿರುವ ವೀರಗಲ್ಲು ಮಾಸ್ತಿಕಲ್ಲುಗಳು, ಇವೇ ಆ ಸೀಮೆಯ ಚರಿತ್ರೆಗೆ ಆಧಾರಗಳೆಂದು ಎಣಿಸಲ್ಪಟ್ಟಿವೆ. ಲೂಯಿ ರೈಸರು ಶಿಕಾರಿಪುರದ ಶಾಸನಗಳನ್ನು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದ ಶಾಸನಗಳನ್ನು ೧೯೦೪ರಲ್ಲಿ ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದ ಮೇಲೆ, ಬನವಾಸಿ ಪನ್ನಿರ್ಚ್ಛಾಸಿರದ ಮತ್ತು ನಾಗರಖಂಡದ ವಿಷಯವಾಗಿ ಬರೆದವರೆಲ್ಲರೂ ಆ ಎರಡು ಸಂಪುಟಗಳನ್ನೇ ಆಶ್ರಯಿಸಿದ್ದಾರೆ. ಇದು ಯುಕ್ತವೇ ಸರಿ. ಆದರೆ ಕಲ್ಲಿನಲ್ಲಿ ಉಳಿದದ್ದು ಮಾತ್ರ ಆ ನಾಡಿನ ಕೈಗೆಲಸವಲ್ಲ. ಮದುವೆಯ ಒಂದು ದಿನಕ್ಕೆ, ಹಬ್ಬದ ಒಂದು ರಾತ್ರಿಗೆ, ದೇವರ ಒಂದು ಉತ್ಸವಕ್ಕೆ ಮಾಡಿ, ಕಾರ್ಯವು ಮುಗಿದೊಡನೆ ನೀರಿಗೋ ಮಣ್ಣಿಗೋ ಸೇರಿಸಿಬಿಡುವ ಅಲಂಕಾರಗಳು ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿವೆ. ಬೆಂಡಿನ ಬಾಸಿಗ, ಹಸೆಗೋಡೆಯ ಚಿತ್ತಾರ, ಭೂಮಿ ಹುಣ್ಣಿಮೆಯ ಬುಟ್ಟಿ, ಭತ್ತದ ತೆನೆಯ ತೋರಣ ಇವು ಆ ಬಗೆಯವು.

ಇಂತಹ ವಸ್ತುಗಳಿಗೆ ಚರಿತ್ರೆಯುಂಟೇ ಎಂಬುದೇ ಪ್ರಕೃತ ವಿಚಾರಿಸತಕ್ಕ ವಿಷಯ. ನೂರು ವರ್ಷದ ಹಿಂದಿನ ಬಾಸಿಗವೊಂದನ್ನು ತಂದು ಇಂದಿನದರೊಡನೆ ಹೋಲಿಸುವುದು ಸಾಧ್ಯವಿಲ್ಲ. ಅದು ಉಳಿಯಬಾರದೆಂಬುದೇ ಅದರ ಧರ್ಮ. ಆದುದರಿಂದ ಇವುಗಳ ಚರಿತ್ರೆಯನ್ನು ವಸ್ತುವಿನಿಂದಲ್ಲದೆ ಬೇರೆ ಮೂರು ಸಾಕ್ಷಿಗಳಿಂದ ಸಾಧಿಸಬೇಕಾಗುತ್ತದೆ. ಮೊದಲನೆಯದು, ಆ ವಸ್ತುಗಳಿಗೆ ಭಾಷೆಯಲ್ಲಿರುವ ಹೆಸರುಗಳು. ಎರಡನೆಯದು, ಅವುಗಳನ್ನು ಮಾಡುವ ಜನರ ವೃತ್ತಾಂತ. ಮೂರನೆಯದು, ಇಂದಿಗೂ ನಡೆಯುತ್ತಿರುವ ಆಚಾರ. ಈ ಮೂರನ್ನೂ ಕ್ರಮವಾಗಿ ನೋಡಿದರೆ, ಚಂದನದ ಪೆಟ್ಟಿಗೆಗೆ ಸರಕಾರದ ದಫ್ತರಗಳಲ್ಲಿ ದೊರೆತ ಸ್ಥಾನವು ಬೆಂಡಿನ ಹೂವಿಗೆ ಏಕೆ ದೊರೆಯಲಿಲ್ಲವೆಂಬುದೂ ತಿಳಿಯಬರುತ್ತದೆ.

೨

ಮೊದಲು ನಾಡಿನ ಸ್ವರೂಪವನ್ನು ಹೇಳಬೇಕು. ಸೊರಬ ತಾಲ್ಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಣ ನೆಲ. ಪಶ್ಚಿಮದಲ್ಲಿ ಚಂದ್ರಗುತ್ತಿಯ ಬೆಟ್ಟವೂ ವರದಾ ನದಿಯೂ ಇವೆ. ಸೊರಬ ಪಟ್ಟಣವನ್ನು ಸೋಂಕಿ ಹರಿಯುವ ದಂಡಾವತಿಯು ಮುಂದೆ ವರದೆಯನ್ನು ಸೇರುತ್ತದೆ. ನೆಲವು ಏರಿಳಿತಗಳಿಂದ ಕೂಡಿದ್ದರೂ ಕಡಿದಾದ ಘಟ್ಟವಲ್ಲ. ತಗ್ಗಿಗೊಂದು ಕೆರೆಯನ್ನು ಕಟ್ಟಿ, ಅದರ ಕೆಳಗೆ ಭತ್ತದ ಗದ್ದೆಯನ್ನೂ ಅಡಕೆಯ ತೋಟವನ್ನೂ ಎಬ್ಬಿಸುವುದು ಇಲ್ಲಿಯ ಹಳೆಯ ಪದ್ಧತಿ. ಕೆರೆಗಳನ್ನು ಕಟ್ಟಿಸಿದವರ, ದುರಸ್ತಿ ಮಾಡಿಸಿದವರ, ಅವುಗಳಿಗೆ ದತ್ತಿ ಬಿಟ್ಟವರ ಹೆಸರುಗಳು ಈ ಭಾಗದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ.

ಅಲಂಕಾರದ ಸಾಮಗ್ರಿಗಳೆಲ್ಲವೂ ಈ ನೆಲದಿಂದಲೇ ಹುಟ್ಟಿದವು. ಕೆರೆಯ ಹಿನ್ನೀರಿನಲ್ಲಿಯೂ ಜೌಗಿನಲ್ಲಿಯೂ ಬೆಂಡಿನ ಗಿಡ, ಕಾಡಿನಂಚಿನಲ್ಲಿ ಬಿದಿರು, ಗುಡ್ಡದ ಬದಿಯಲ್ಲಿ ಕೆಮ್ಮಣ್ಣು, ಗದ್ದೆಯಲ್ಲಿ ಭತ್ತ, ಹಿತ್ತಿಲಿನಲ್ಲಿ ಪುಂಡಿಯ ನಾರು. ಇವುಗಳಲ್ಲಿ ಯಾವುದನ್ನೂ ಹಣ ಕೊಟ್ಟು ತರಬೇಕಾಗಿರಲಿಲ್ಲ. ಹಣವಿಲ್ಲದೆ ದೊರೆಯುವ ವಸ್ತುವಿಗೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ವಸ್ತುವಿಗೆ ದಫ್ತರವಿಲ್ಲ. ಈ ಅಂಶವು ಮುಂದೆ ಹೇಳುವ ವಿಷಯಕ್ಕೆ ಮುಖ್ಯವಾದುದು.

ಬೆಂಡಿನ ಗಿಡವು ಅವರೆ ಹುರುಳಿಗಳು ಸೇರಿದ ಕುಲಕ್ಕೆ ಸೇರಿದುದು. ಅದರ ಎಲೆ ಹುಣಸೆಯ ಎಲೆಯನ್ನು ಹೋಲುತ್ತದೆ, ಹೂವು ಹಳದಿ. ನಿಂತ ನೀರಿನಲ್ಲಿ ಬೆಳೆದ ಕಾಂಡದ ಮೇಲೆ ಕಂದುಬಣ್ಣದ ತೆಳುವಾದ ಸಿಪ್ಪೆಯಿದ್ದು, ಒಳಗೆ ಹಾಲಿನಂತೆ ಬಿಳುಪಾದ, ಅತ್ಯಂತ ಹಗುರವಾದ ತಿರುಳು ಇರುತ್ತದೆ. ಈ ಗಿಡವು ಒಂದು ಸೊರಬಕ್ಕೇ ವಿಶೇಷವಾದುದಲ್ಲ. ವಂಗದೇಶದಲ್ಲಿ ಇದಕ್ಕೆ ಶೋಲಾ ಎಂದು ಹೆಸರು. ಅಲ್ಲಿಯ ಮಾಲಾಕಾರರು ಇದರಿಂದ ವರನ ಟೊಪರವನ್ನೂ ದುರ್ಗಾಪ್ರತಿಮೆಯ ಆಭರಣಗಳನ್ನೂ ಮಾಡುತ್ತಾರೆ. ತಮಿಳರು ಇದನ್ನು ನೆಟ್ಟಿ ಎನ್ನುತ್ತಾರೆ. ತಂಜಾವೂರಿನಲ್ಲಿ ಇದರಿಂದ ದೇವಾಲಯಗಳ ಮಾದರಿಗಳನ್ನು ಮಾಡುವ ಕೆಲಸವು ಪ್ರಸಿದ್ಧವಾಗಿದೆ. ಆಂಗ್ಲ ಅಧಿಕಾರಿಗಳು ಬಿಸಿಲಿಗೆ ಧರಿಸುತ್ತಿದ್ದ ಸೋಲಾ ಟೋಪಿಯೂ ಇದೇ ತಿರುಳಿನದು. ಒಂದೇ ಗಿಡದಿಂದ ಮದುಮಗನ ಮುಕುಟವೂ ಕಲೆಕ್ಟರನ ಟೋಪಿಯೂ ಆದುವೆಂಬುದು ವಿನೋದದ ಸಂಗತಿಯಾದರೂ, ಹಗುರವೂ ತಂಪೂ ಆದ ವಸ್ತುವನ್ನೇ ತಲೆಯ ಮೇಲೆ ಹೊರಬೇಕೆಂಬ ಅನುಭವವು ಎರಡಕ್ಕೂ ಸಮಾನವಾಗಿದೆ.

೩

ಇನ್ನು ಹೆಸರುಗಳನ್ನು ನೋಡೋಣ. ಬಾಸಿಗ, ಬಾಸಿಂಗ ಎಂಬ ಎರಡು ರೂಪಗಳು ಕನ್ನಡದಲ್ಲಿ ಬಳಕೆಯಲ್ಲಿವೆ. ಹಳಗನ್ನಡದಲ್ಲಿ ಬಾಸಿಗವೆಂದರೆ ತಲೆಗೆ ಸುತ್ತುವ ಹೂವಿನ ದಂಡೆ. ಅದು ಮದುವೆಗೇ ಮೀಸಲಾದುದಲ್ಲ. ಕಾಲಕ್ರಮದಲ್ಲಿ ಅರ್ಥವು ಸಂಕುಚಿತವಾಗಿ, ವಧೂವರರ ಹಣೆಗೆ ಕಟ್ಟುವ ಅಲಂಕಾರವೆಂಬುದೇ ನೆಲೆಗೊಂಡಿತು. ತೆಲುಗಿನಲ್ಲಿ ಬಾಸಿಕಮು, ಮರಾಠಿಯಲ್ಲಿ ಬಾಶಿಂಗ ಎಂಬ ರೂಪಗಳಿವೆ. ಮದುವೆಗೆ ಆತುರಪಡುವವನು ಬಾಸಿಗವನ್ನು ಮೊಣಕಾಲಿಗೇ ಕಟ್ಟಿಕೊಂಡನೆಂದು ಹಾಸ್ಯಮಾಡುವ ಗಾದೆಯೊಂದು ಮರಾಠಿಯಲ್ಲಿ ಉಂಟು. ಗಾದೆಯಾಗುವಷ್ಟರ ಮಟ್ಟಿಗೆ ಒಂದು ವಸ್ತುವು ಜನರ ಬಾಯಲ್ಲಿ ನೆಲೆಸಬೇಕಾದರೆ ಅದು ಬಹುಕಾಲ ಎಲ್ಲ ವರ್ಗಗಳಲ್ಲಿಯೂ ಬಳಕೆಯಲ್ಲಿದ್ದಿರಬೇಕು.

ಹೂವಿನ ದಂಡೆಯ ಹೆಸರು ಬೆಂಡಿನ ಅಲಂಕಾರಕ್ಕೆ ಬಂದುದು ಗಮನಾರ್ಹ. ನಿಜವಾದ ಹೂವು ಮುಹೂರ್ತದ ಹೊತ್ತಿಗೆ ಬಾಡುತ್ತದೆ. ಎಲ್ಲ ಋತುಗಳಲ್ಲಿಯೂ ದೊರೆಯುವುದಿಲ್ಲ. ಬೆಂಡಿನ ಹೂವು ಮದುವೆಯ ಅಷ್ಟೂ ದಿನ ಬಾಡದೆ ನಿಲ್ಲುತ್ತದೆ. ಅಂದಮಾತ್ರಕ್ಕೆ ಅದು ಶಾಶ್ವತವೂ ಅಲ್ಲ. ತೇವ ತಗುಲಿದರೆ ಮುದುಡುತ್ತದೆ, ಬೆರಳು ಒತ್ತಿದರೆ ಮುರಿಯುತ್ತದೆ. ಹೂವಿಗಿಂತ ಹೆಚ್ಚು, ಲೋಹಕ್ಕಿಂತ ಕಡಿಮೆ, ಇಷ್ಟೇ ಬಾಳಿಕೆಯು ಮದುವೆಯ ಅಲಂಕಾರಕ್ಕೆ ಬೇಕಾದುದು. ಬೆಂಡು ಎಂಬ ಶಬ್ದವೂ ಈ ಗುಣವನ್ನೇ ಹೇಳುತ್ತದೆ. ಬಸವಳಿದು ಸತ್ತ್ವವನ್ನು ಕಳೆದುಕೊಂಡವನನ್ನು ಬೆಂಡಾದನೆಂದು ಹೇಳುವುದುಂಟು. ಜಾತ್ರೆಯಲ್ಲಿ ಬತ್ತಾಸಿನೊಡನೆ ಮಾರುವ ಹಗುರವಾದ ಸಿಹಿತಿಂಡಿಗೂ ಬೆಂಡೆಂದೇ ಹೆಸರು. ಭಾರವಿಲ್ಲದುದೆಲ್ಲ ಕನ್ನಡಿಗನಿಗೆ ಬೆಂಡು.

ಹಸೆ ಎಂಬ ಶಬ್ದವು ವಧೂವರರು ಕೂಡುವ ಸ್ಥಾನವನ್ನು ಸೂಚಿಸುತ್ತದೆ. ಹಸೆಮಣೆ, ಹಸೆಗೆ ಕರೆಯುವುದು, ಹಸೆಯ ಹಾಡು ಇವು ಇಂದಿಗೂ ಬಳಕೆಯಲ್ಲಿರುವ ಮಾತುಗಳು. ಆ ಸ್ಥಾನದ ಹಿಂದಿನ ಗೋಡೆಯೇ ಹಸೆಗೋಡೆ. ಅದರ ಮೇಲೆ ಬರೆಯುವುದೇ ಹಸೆ ಚಿತ್ತಾರ. ಇಲ್ಲಿ ಹೆಸರೇ ಉದ್ದೇಶವನ್ನು ಹೇಳುತ್ತದೆ. ಚಿತ್ತಾರವು ಗೋಡೆಯನ್ನು ಅಂದಗೊಳಿಸುವುದಕ್ಕಾಗಿ ಹುಟ್ಟಿದುದಲ್ಲ. ಇಬ್ಬರು ಕೂಡುವ ಸ್ಥಾನವನ್ನು ಉಳಿದ ಸ್ಥಾನಗಳಿಂದ ಪ್ರತ್ಯೇಕಿಸುವುದಕ್ಕಾಗಿ ಹುಟ್ಟಿದುದು.

೪

ಬೆಂಡಿನ ಕೆಲಸವನ್ನು ಕುಲವೃತ್ತಿಯಾಗಿ ನಡಸಿಕೊಂಡು ಬಂದವರು ಗುಡಿಗಾರರು. ಸೊರಬ, ಸಾಗರ ಮತ್ತು ಘಟ್ಟದ ಆಚೆಯ ಉತ್ತರ ಕನ್ನಡದ ಊರುಗಳಲ್ಲಿ ಇವರ ಮನೆಗಳಿವೆ. ಗುಡಿಯ ಕೆಲಸವನ್ನು ಮಾಡುವವರಾದುದರಿಂದ ಈ ಹೆಸರು ಬಂದಿತೆಂಬುದು ಸುಲಭವಾಗಿ ಗ್ರಹಿಸಬಹುದಾದ ವಿಚಾರ. ತಾವು ಮೂಲತಃ ಕ್ಷತ್ರಿಯರೆಂದೂ, ಪರಶುರಾಮನ ಕೋಪಕ್ಕೆ ಅಂಜಿ ಮರಗೆಲಸವನ್ನು ಕೈಕೊಂಡವರೆಂದೂ ಒಂದು ಐತಿಹ್ಯವಿದೆ. ಗೋವೆಯಿಂದ ಬಂದವರೆಂದು ಮತ್ತೊಂದು ಹೇಳಿಕೆಯಿದೆ. ಮೊದಲನೆಯದು ಅನೇಕ ಕುಲಗಳು ಹೇಳಿಕೊಳ್ಳುವ ಪುರಾಣಕಥೆಯ ಜಾತಿಗೆ ಸೇರಿದುದು. ಎರಡನೆಯದಕ್ಕೆ ಚರಿತ್ರೆಯ ಸನ್ನಿವೇಶವು ಅನುಕೂಲವಾಗಿದೆ. ಪೋರ್ತುಗೀಸರು ೧೫೧೦ರಲ್ಲಿ ಗೋವೆಯನ್ನು ಗೆದ್ದುಕೊಂಡರು. ಆ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ದೇವಾಲಯಗಳು ನಾಶವಾಗಿ, ೧೫೬೦ರಲ್ಲಿ ಮತವಿಚಾರಣೆಯ ನ್ಯಾಯಸ್ಥಾನವೂ ಸ್ಥಾಪಿತವಾಯಿತು. ಗುಡಿಯನ್ನೇ ನಂಬಿದ ಕೆಲಸಗಾರರಿಗೆ ಗುಡಿಗಳಿಲ್ಲದ ಊರಿನಲ್ಲಿ ಬಾಳುವೆಯಿಲ್ಲ. ಅದೇ ಕಾಲದಲ್ಲಿ ಘಟ್ಟದ ಮೇಲೆ ಕೆಳದಿಯ ನಾಯಕರು ಪ್ರಬಲರಾಗಿ, ಕೆಳದಿ ಇಕ್ಕೇರಿಗಳಲ್ಲಿ ದೇವಾಲಯಗಳನ್ನು ಕಟ್ಟಿಸುತ್ತಿದ್ದರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದರೆ ವಲಸೆಯ ಹೇಳಿಕೆಯು ಸಂಭವನೀಯವೆಂದು ತೋರುತ್ತದೆ. ಆದರೆ ಸಂಭವನೀಯವಾದುದೆಲ್ಲ ಸಿದ್ಧವಾದುದಲ್ಲ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳುವುದು ಯುಕ್ತ.

ಗುಡಿಗಾರರ ಕೀರ್ತಿಯು ಹೊರಗಿನ ಲೋಕಕ್ಕೆ ಹಬ್ಬಿದುದು ಚಂದನದ ಕೆತ್ತನೆಯಿಂದ. ರೈಸರ ಮೈಸೂರು ಗ್ಯಾಸೆಟಿಯರು, ಅದರ ೧೮೯೭ರ ಪರಿಷ್ಕೃತ ಆವೃತ್ತಿಯೂ ಸೇರಿ, ಸೊರಬದ ಕೆತ್ತನೆಗಾರರನ್ನು ಬಹಳವಾಗಿ ಕೊಂಡಾಡಿದೆ. ಪೆಟ್ಟಿಗೆಯ ಮೈಯೆಲ್ಲ ಒಂದಕ್ಕೊಂದು ಹೆಣೆದುಕೊಂಡ ಬಳ್ಳಿ ಎಲೆಗಳು, ನಡುನಡುವೆ ದೇವತೆಗಳ ಮೂರ್ತಿಗಳು, ಅಲ್ಲಲ್ಲಿ ಪ್ರಾಣಿಗಳು. ಎಳ್ಳಷ್ಟು ಜಾಗವೂ ಬರಿದಾಗಿ ಉಳಿಯದಂತಹ ಕೆಲಸ. ಒಂದು ಪೆಟ್ಟಿಗೆಗೆ ಹಲವು ತಿಂಗಳ ಶ್ರಮ. ಇವೆಲ್ಲ ಆ ವರ್ಣನೆಯಲ್ಲಿವೆ. ಥರ್ಸ್ಟನ್ನರು ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಹಿಂದೂಸ್ಥಾನದ ಜಾತಿಗಳ ಗ್ರಂಥದಲ್ಲಿಯೂ ಗುಡಿಗಾರರಿಗೆ ಸ್ಥಾನವುಂಟು. ಅಧಿಕಾರಿಗಳ ಕಣ್ಣಿಗೆ ಗುಡಿಗಾರನೆಂದರೆ ಚಂದನದ ಕೆತ್ತನೆಗಾರ.

ಆದರೆ ಊರಿನವರಿಗೆ ಗುಡಿಗಾರನು ಬೇರೆ. ಮದುವೆ ನಿಶ್ಚಯವಾದ ಮನೆಯವರು ಅವನಲ್ಲಿಗೆ ಹೋಗುವುದು ಪೆಟ್ಟಿಗೆಗಾಗಿ ಅಲ್ಲ, ಬಾಸಿಗಕ್ಕಾಗಿ. ಭಾದ್ರಪದದಲ್ಲಿ ಗಣಪತಿಯ ಮೃಣ್ಮೂರ್ತಿಗಾಗಿ, ಜಾತ್ರೆಯ ಮೊದಲು ದೇವರ ಪಲ್ಲಕ್ಕಿ ಪ್ರಭಾವಳಿಗಳ ಬಣ್ಣಕ್ಕಾಗಿ ಅವನನ್ನು ಕರೆಯುತ್ತಿದ್ದರು. ತಿಂಗಳುಗಟ್ಟಲೆ ಕೆತ್ತಿದ ಪೆಟ್ಟಿಗೆಯು ಊರನ್ನು ಬಿಟ್ಟು ಹೊರಟುಹೋಗುತ್ತಿತ್ತು. ಎರಡು ದಿನಗಳಲ್ಲಿ ಕಟ್ಟಿದ ಬಾಸಿಗವು ಊರಿನವರ ಹಣೆಯ ಮೇಲೆಯೇ ಉಳಿಯುತ್ತಿತ್ತು. ಒಂದೇ ಕೈ ಎರಡು ಲೋಕಗಳಿಗೆ ದುಡಿಯುತ್ತಿತ್ತೆಂದು ಹೇಳಬಹುದು.

ಬಾಸಿಗವನ್ನು ಮಾಡುವ ಕ್ರಮವು ಹೀಗೆ. ಕೆರೆಯಿಂದ ಕಿತ್ತು ತಂದ ಬೆಂಡಿನ ಕಾಂಡಗಳನ್ನು ಚೆನ್ನಾಗಿ ಒಣಗಿಸಿ, ಅಳತೆಗೆ ತಕ್ಕಂತೆ ತುಂಡರಿಸಿ, ಮೇಲಣ ಸಿಪ್ಪೆಯನ್ನು ಹರಿತವಾದ ಕತ್ತಿಯಿಂದ ಹೆರೆದು ತೆಗೆಯುತ್ತಾರೆ. ಬಳಿಕ ಬಿಳಿಯ ತಿರುಳನ್ನು ಕತ್ತಿಯ ಬಾಯಿಗೆ ಒಡ್ಡಿ ಉರುಳಿಸುತ್ತ ಹೋದರೆ, ಕಾಗದದ ಸುರುಳಿಯಂತೆ ತೆಳುವಾದ ಹಾಳೆಯು ಬಿಚ್ಚಿಕೊಳ್ಳುತ್ತದೆ. ಕೈ ಕೊಂಚ ಒತ್ತಿದರೆ ಹಾಳೆ ಹರಿಯುತ್ತದೆ, ಕೊಂಚ ಸಡಿಲವಾದರೆ ದಪ್ಪವಾಗುತ್ತದೆ. ಈ ಹದವೇ ವಿದ್ಯೆಯ ಸಾರ, ಉಳಿದುದೆಲ್ಲ ಕಟ್ಟಣೆ. ಹಾಳೆಯನ್ನು ಮಡಿಸಿ, ಅಂಚನ್ನು ಕತ್ತರಿಸಿ, ಸುತ್ತಿ ನೂಲಿನಿಂದ ಬಿಗಿದರೆ ಎಸಳುಗಳು ತಾವಾಗಿಯೇ ಅರಳುತ್ತವೆ. ಸುತ್ತಿನ ವ್ಯತ್ಯಾಸದಿಂದ ಮೊಗ್ಗು, ಅರೆಬಿರಿದ ಹೂ, ಪೂರ್ಣವಾಗಿ ಅರಳಿದ ಹೂ ಎಂಬ ಭೇದಗಳನ್ನು ತೋರಿಸುತ್ತಾರೆ. ಇವನ್ನು ಹಣೆಯ ಅಗಲಕ್ಕೆ ಸರಿಯಾದ ತಳದ ಮೇಲೆ ಸಾಲಾಗಿ ಕೂಡಿಸಿ, ನಡುನಡುವೆ ಬೇಗಡೆಯ ಚೂರುಗಳನ್ನು ಅಂಟಿಸಿ, ಎರಡು ಪಕ್ಕಗಳಿಗೂ ಕುಚ್ಚುಗಳನ್ನು ಇಳಿಬಿಟ್ಟರೆ ಬಾಸಿಗವು ಸಿದ್ಧವಾಗುತ್ತದೆ. ತಿರುಳಿನ ಬಿಳುಪನ್ನು ಹಾಗೆಯೇ ಬಿಟ್ಟು ಬಣ್ಣವನ್ನು ಅಂಚಿಗೆ ಮಾತ್ರ ತಾಕಿಸುವುದು ನಿಪುಣರ ಲಕ್ಷಣ.

ಚಂದನದಲ್ಲಿಯೂ ಬೆಂಡಿನಲ್ಲಿಯೂ ವಸ್ತುವಿನ ಮೈಯನ್ನು ಒಂದು ಚೂರೂ ಬರಿದುಬಿಡದೆ ತುಂಬುವ ಪ್ರವೃತ್ತಿಯು ಸಮಾನವಾಗಿದೆ. ಆದರೆ ಕೈಯ ಚಲನೆಯು ವಿರುದ್ಧವಾದುದು. ಚಂದನದಲ್ಲಿ ಬೇಡವಾದುದನ್ನು ತೆಗೆಯುತ್ತ ಹೂವನ್ನು ಹೊರಪಡಿಸಬೇಕು. ಬೆಂಡಿನಲ್ಲಿ ಏನೂ ಇಲ್ಲದ ಹಾಳೆಯನ್ನು ಸುತ್ತುತ್ತ ಹೂವನ್ನು ಕಟ್ಟಬೇಕು. ಈ ಎರಡನ್ನೂ ಒಂದೇ ಮನೆಯಲ್ಲಿ ಕಲಿತವರ ಕೆತ್ತನೆಯ ಎಲೆಬಳ್ಳಿಗಳಲ್ಲಿ ಮೆದುತನವಿದ್ದರೆ ಆಶ್ಚರ್ಯವಿಲ್ಲ.

೫

ಇನ್ನು ಎರಡನೆಯ ಪರಂಪರೆ. ಇದು ಕುಲವೃತ್ತಿಯಲ್ಲ, ಮನೆಯ ಹೆಂಗಸರ ಕೆಲಸ. ಸೊರಬ, ಸಾಗರ, ಹೊಸನಗರ, ಸಿದ್ದಾಪುರಗಳ ದೀವರ ಜನರಲ್ಲಿ ಇದು ವಿಶೇಷವಾಗಿ ಉಳಿದಿದೆ. ಹಿಂದಿನ ಪುಸ್ತಕಗಳಲ್ಲಿ ಇವರನ್ನು ಹಳೇಪೈಕರೆಂದು ಕರೆದಿರುವುದುಂಟು. ಮದುವೆಗೆ ಮುಂಚೆ ಮನೆಯ ಗೋಡೆಗೆ ಕೆಮ್ಮಣ್ಣನ್ನು ಸಾರಿಸಿ, ನೆನೆಸಿ ಅರೆದ ಅಕ್ಕಿಯ ಬಿಳುಪಿನಿಂದ ಗೆರೆಗಳನ್ನು ಎಳೆಯುತ್ತಾರೆ. ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆಯ ಬೀಜ, ಕುಂಚಕ್ಕೆ ಪುಂಡಿಯ ನಾರು. ಗೆರೆಗೆ ಎಳೆ ಎಂದು ಹೆಸರು. ಚಿತ್ತಾರವನ್ನು ಬರೆಯುವುದರಲ್ಲಿ ಗಟ್ಟಿಗಳಾದವಳನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಅವಳು ಬರೆಯುತ್ತಿರುವಾಗ ಉಳಿದವರು ಹಾಡುವುದುಂಟು. ಚೌಕಗಳೂ ಜಾಲಗಳೂ ಸೇರಿದ ಅಂಚು, ಅದರೊಳಗೆ ದಂಡಿಗೆ, ಮದುಮಕ್ಕಳು, ಭತ್ತದ ಸಸಿ, ಹಕ್ಕಿಗಳು, ಏಣಿ ಇವು ಸಾಮಾನ್ಯವಾಗಿ ಕಾಣಬರುವ ವಸ್ತುಗಳು. ಮದುಮಕ್ಕಳ ರೂಪಗಳಿಗೆ ಕಣ್ಣು ಮೂಗುಗಳಿಲ್ಲ. ಎಳೆಗಳ ಜೋಡಣೆಯೇ ಶರೀರ.

ಆಶ್ವಯುಜ ಪೌರ್ಣಮಿಯಂದು ಬರುವ ಭೂಮಿ ಹುಣ್ಣಿಮೆಗೆ ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿಯೂ ಇದೇ ಕೈಯ ಕೆಲಸ. ಬಿದಿರಿನ ಬುಟ್ಟಿಗೆ ಸಗಣಿಯನ್ನು ಬಳಿದು ಒಣಗಿಸಿ, ಕೆಮ್ಮಣ್ಣನ್ನು ಹಚ್ಚಿ, ಅದರ ಮೇಲೆ ಬಿಳಿಯ ಎಳೆಗಳಿಂದ ಚಿತ್ತಾರವನ್ನು ತುಂಬುತ್ತಾರೆ. ಆ ಕಾಲಕ್ಕೆ ಗದ್ದೆಯಲ್ಲಿ ಭತ್ತವು ಹೊಡೆ ತುಂಬಿರುತ್ತದೆ. ಭೂಮಿಯು ಬಸುರಿಯಾಗಿದ್ದಾಳೆಂಬುದು ಭಾವನೆ. ಹೆಂಗಸರು ರಾತ್ರಿಯೆಲ್ಲ ಎಚ್ಚತ್ತು ಬಗೆಬಗೆಯ ಅಡಿಗೆಗಳನ್ನು ಮಾಡುತ್ತಾರೆ. ಬೆಳಗಿನ ಜಾವದಲ್ಲಿ ಗಂಡಸರು ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ, ಸಸಿಗಳನ್ನು ಪೂಜಿಸಿ, ಎಡೆಯನ್ನು ಬೀರುತ್ತಾರೆ. ಬಸುರಿಯ ಬಯಕೆಯನ್ನು ತೀರಿಸುವ ಊಟವನ್ನು ಬರಿಯ ಬುಟ್ಟಿಯಲ್ಲಿ ಒಯ್ಯಲಾಗದು; ಸೀಮಂತಕ್ಕೆ ತಕ್ಕ ಅಲಂಕಾರವು ಬುಟ್ಟಿಗೂ ಬೇಕು. ಕೊಯಿಲಿನ ಮೇಲೆ ಆರಿಸಿದ ತೆನೆಗಳನ್ನು ಹೆಣೆದು ಬಾಗಿಲಿಗೆ ತೋರಣವಾಗಿ ಕಟ್ಟುವುದೂ ಇದೇ ವರ್ಷಚಕ್ರಕ್ಕೆ ಸೇರಿದುದು.

ಈ ಅಲಂಕಾರವನ್ನು ಮಾಡಿದವರ ಸ್ಥಿತಿಯನ್ನು ಮರೆಯಬಾರದು. ಇವರಲ್ಲಿ ಅನೇಕರು ಬಹುಕಾಲ ಗೇಣಿಗೆ ಉಳುವ ಒಕ್ಕಲುಗಳಾಗಿದ್ದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ಸತ್ಯಾಗ್ರಹವು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣವನ್ನು ಕುರಿತ ವಿವಾದದಿಂದ ಹುಟ್ಟಿದುದು. ಉಳುವವನಿಗೇ ನೆಲವೆಂಬ ತತ್ತ್ವವು ಕರ್ಣಾಟಕದಲ್ಲಿ ೧೯೭೪ರ ಭೂಸುಧಾರಣೆಯಿಂದ ಕಾನೂನಿನ ಬಲವನ್ನು ಪಡೆಯಿತು. ಅದಕ್ಕೆ ಮುಂಚಿನ ಭೂಮಿ ಹುಣ್ಣಿಮೆಗಳಲ್ಲಿ, ಪತ್ರದಲ್ಲಿ ತಮ್ಮದಲ್ಲದ ನೆಲಕ್ಕೆ ಇವರು ಚಿತ್ತಾರದ ಬುಟ್ಟಿಯನ್ನು ಹೊತ್ತು ಬಯಕೆಯ ಊಟವನ್ನು ಬಡಿಸುತ್ತಿದ್ದರು. ಕೊಳಗವು ಒಡೆಯನ ಹಕ್ಕನ್ನು ಅಳೆಯುತ್ತಿತ್ತು. ಬುಟ್ಟಿಯು ಉಳುವವನ ಬಾಂಧವ್ಯವನ್ನು ಹೇಳುತ್ತಿತ್ತು. ಕೇವಲ ಸೊಗಸಿನ ದೃಷ್ಟಿಯಿಂದ ಈ ಚಿತ್ತಾರವನ್ನು ನೋಡುವವರಿಗೆ ಈ ಅರ್ಥವು ಹೊಳೆಯದು.

೬

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನವನ್ನು ಹೇಳಬೇಕು. ಹಸೆ ಚಿತ್ತಾರದ ಎಳೆಗಳನ್ನು ಪ್ರಾಗಿತಿಹಾಸದ ಗವಿಚಿತ್ರಗಳೊಡನೆ ಹೋಲಿಸಿ, ಇದು ಸಾವಿರಾರು ವರ್ಷಗಳಿಂದ ಅವಿಚ್ಛಿನ್ನವಾಗಿ ಬಂದ ಕಲೆಯೆಂದು ಸಾಧಿಸುವ ಪ್ರವೃತ್ತಿಯೊಂದು ಕಾಣಬರುತ್ತದೆ. ಸಾದೃಶ್ಯವು ಸಂತತಿಗೆ ಪ್ರಮಾಣವಲ್ಲ. ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳುಪಿನಿಂದ ಬರೆಯುವವರೆಲ್ಲರೂ ಸರಳರೇಖೆ, ತ್ರಿಕೋಣ, ಚೌಕಗಳನ್ನೇ ಆಶ್ರಯಿಸುವುದು ಸಾಮಗ್ರಿಯ ಸ್ವಭಾವದಿಂದ. ಮಹಾರಾಷ್ಟ್ರದ ವಾರ್ಲಿ ಜನರೂ ಮದುವೆಯ ಗೋಡೆಗೆ ಅಕ್ಕಿಯ ಹಿಟ್ಟಿನಿಂದಲೇ ಬರೆಯುತ್ತಾರೆ. ಅದರಿಂದ ವಾರ್ಲಿಗಳೂ ದೀವರೂ ಒಂದೇ ಮೂಲದವರೆಂದು ಹೇಳಲಾಗದು. ಗೋಡೆಯು ಮಳೆಗಾಲ ಕಳೆದೊಡನೆ ಮತ್ತೆ ಸಾರಿಸಲ್ಪಡುವುದರಿಂದ, ಹಳೆಯ ಚಿತ್ತಾರವು ಹೊಸದರ ಅಡಿಯಲ್ಲಿ ಅಡಗಿಹೋಗುತ್ತದೆ. ಪ್ರಾಚೀನತೆಯನ್ನು ಸಾಧಿಸದಿದ್ದರೆ ಬೆಲೆ ಕಡಿಮೆಯಾಗುವುದೆಂಬ ಭಯವು ಅನಾವಶ್ಯಕ. ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬಂದುದೆಂಬಷ್ಟೇ ಅದರ ಗೌರವಕ್ಕೆ ಸಾಲುತ್ತದೆ.

ಕಲ್ಲಿನ ಸಾಕ್ಷಿಯು ಇನ್ನೊಂದು ಬಗೆಯಲ್ಲಿ ಸಹಾಯಕವಾಗಿದೆ. ಈ ಸೀಮೆಯ ದೇವಾಲಯಗಳ ಬಾಗಿಲುವಾಡಗಳ ಮೇಲೆ ತೋರಣ, ಹೂಮಾಲೆ, ಮಣಿಯ ಕುಚ್ಚುಗಳನ್ನು ಕಲ್ಲಿನಲ್ಲಿ ಕಂಡರಿಸಿರುವುದು ವಿಶೇಷವಾಗಿದೆ. ತೋರಣವೆಂಬುದು ಮೊದಲು ಎಲೆ ಹೂಗಳಿಂದ ಕಟ್ಟಿದ ಅಲಂಕಾರ. ಅದನ್ನು ಕಂಡ ಶಿಲ್ಪಿಯು ಕಲ್ಲಿನಲ್ಲಿ ಅನುಕರಿಸಿದನು. ವೀರಗಲ್ಲುಗಳ ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮದುವಣಿಗನಂತೆ ಕರೆದೊಯ್ಯುತ್ತಾರೆ. ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ತೋಳು ಎದ್ದು ನಿಂತಿದೆ. ಮರಣವನ್ನು ಹೇಳಬೇಕಾದಲ್ಲಿಯೂ ಶಿಲ್ಪಿಗೆ ದೊರೆತ ಭಾಷೆಯು ಮದುವೆಯ ಮಂಗಳಚಿಹ್ನೆಗಳದು. ಹೀಗಿರುವಲ್ಲಿ, ಅಳಿಯುವ ಅಲಂಕಾರವನ್ನು ಅಳಿಯದ ಕಲ್ಲಿನ ಕೆಳಗಿನ ದರ್ಜೆಯದೆಂದು ಎಣಿಸುವುದು ಕ್ರಮವನ್ನು ತಲೆಕೆಳಗು ಮಾಡಿದಂತೆ.

೭

ಈಗ ಈ ಕಲೆಗಳ ಇತ್ತೀಚಿನ ಗತಿಯನ್ನು ಸಂಕ್ಷೇಪವಾಗಿ ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ಚಂದನವು ರಾಜರ ಸ್ವತ್ತು. ಮರವು ಖಾಸಗಿ ಹೊಲದಲ್ಲಿ ಹುಟ್ಟಿದರೂ ಅದರ ಮೇಲೆ ಸರಕಾರದ ಹಕ್ಕಿತ್ತು. ೧೯೧೬ರಿಂದ ಸಂಸ್ಥಾನದಲ್ಲಿ ಗಂಧದೆಣ್ಣೆಯ ತಯಾರಿಕೆಯು ಮೊದಲಾಯಿತು. ೧೯೪೪ರಲ್ಲಿ ಶಿವಮೊಗ್ಗೆಯಲ್ಲಿಯೂ ಒಂದು ಕಾರ್ಖಾನೆಯು ಸ್ಥಾಪಿತವಾಯಿತು. ೨೦೦೧ರ ತಿದ್ದುಪಡಿಯಿಂದಲೇ ನೆಲದ ಒಡೆಯನಿಗೆ ಮರದ ಒಡೆತನವು ಬಂದುದು. ಇದರಿಂದ ಕೆತ್ತನೆಗಾರನು ಮರಕ್ಕಾಗಿ ಸರಕಾರವನ್ನೇ ಕಾದುಕೊಂಡಿರಬೇಕಾಯಿತು. ಹಾಗೆಯೇ ಅವನ ಕೆಲಸದ ವಿಷಯವಾಗಿ ಕಾಗದಪತ್ರಗಳೂ ಬೆಳೆದುವು. ಚಂದನಕ್ಕೆ ತೂಕವಿತ್ತು, ದರವಿತ್ತು, ರಹದಾರಿಯಿತ್ತು. ಬೆಂಡಿಗೆ ಇವು ಒಂದೂ ಇರಲಿಲ್ಲ. ಚಂದನದ ಕೆತ್ತನೆಗೆ ಚರಿತ್ರೆಯಿದ್ದು ಬೆಂಡಿನ ಕೆಲಸಕ್ಕೆ ಇಲ್ಲದಂತೆ ತೋರುವುದಕ್ಕೆ ಕಾರಣವು ಕಲೆಯ ತಾರತಮ್ಯವಲ್ಲ, ದಫ್ತರದ ತಾರತಮ್ಯ.

ಬೆಂಡಿನ ಕೆಲಸಕ್ಕೆ ಪೆಟ್ಟು ಬಿದ್ದುದು ಬೇರೆ ಮಾರ್ಗದಿಂದ. ಮೊದಲು ಅಂಗಡಿಯ ಬಣ್ಣದ ಕಾಗದವೂ ಜರಿಯೂ ಬಂದುವು. ಅವು ಬೆಂಡಿನೊಡನೆ ಬೆರೆತು ಅದಕ್ಕೆ ಮೆರುಗನ್ನು ಕೊಟ್ಟವೇ ಹೊರತು ಅದನ್ನು ಹೊರಗೆ ಹಾಕಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಥರ್ಮೋಕೋಲು ಬಂದಿತು. ಅದು ಬೆಂಡಿನಂತೆಯೇ ಬಿಳುಪು, ಬೆಂಡಿನಂತೆಯೇ ಹಗುರ. ಕೆರೆಗೆ ಇಳಿಯುವ ಶ್ರಮವಿಲ್ಲ, ಒಣಗಿಸುವ ಕಾಲವಿಲ್ಲ, ಹಾಳೆ ಬಿಚ್ಚುವ ಹದವನ್ನು ಕಲಿಯಬೇಕಾಗಿಲ್ಲ. ಮದುವೆಯ ಮಂಟಪ, ಗಣಪತಿಯ ಪೀಠ, ಸಭೆಯ ವೇದಿಕೆ ಎಲ್ಲವನ್ನೂ ಅದು ಆಕ್ರಮಿಸಿತು. ಆದರೆ ಬೆಂಡಿನ ಮುಖ್ಯ ಗುಣವೊಂದು ಅದಕ್ಕೆ ಇರಲಿಲ್ಲ: ಅದು ಅಳಿಯಲಿಲ್ಲ. ಬಾಸಿಗವನ್ನು ಹೊಳೆಗೆ ಬಿಟ್ಟರೆ ಅದು ಹುಟ್ಟಿದ ನೀರಿಗೇ ಮರಳಿ ಕರಗುತ್ತಿತ್ತು. ಥರ್ಮೋಕೋಲಿನ ಚೂರುಗಳು ಅದೇ ಕೆರೆಯ ದಡದಲ್ಲಿ ವರ್ಷಗಟ್ಟಲೆ ತೇಲಿದುವು. ಕರ್ಣಾಟಕ ಸರಕಾರವು ೨೦೧೬ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ತೋರಣ, ಪತಾಕೆ, ತಟ್ಟೆ, ಲೋಟ ಮೊದಲಾದವುಗಳನ್ನೂ, ಥರ್ಮೋಕೋಲಿನಿಂದ ಮಾಡಿದ ಅಂಥ ವಸ್ತುಗಳನ್ನೂ ನಿಷ್ಕರ್ಷೆಯಾಗಿ ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಭಾರತವೆಲ್ಲಕ್ಕೂ ಅನ್ವಯವಾದ ನಿಯಮದಲ್ಲಿ, ಅಲಂಕಾರಕ್ಕೆ ಬಳಸುವ ಥರ್ಮೋಕೋಲು ಎಂದು ಸ್ಪಷ್ಟವಾಗಿಯೇ ಹೆಸರಿಸಲ್ಪಟ್ಟಿದೆ. ಅಳಿಯುವುದು ಅಲಂಕಾರದ ದೋಷವಲ್ಲ, ಗುಣ ಎಂಬ ಹಳೆಯ ತಿಳಿವಳಿಕೆಯನ್ನು ಕಾನೂನು ಹೀಗೆ ಬೇರೆ ದಾರಿಯಿಂದ ಬಂದು ಒಪ್ಪಿಕೊಂಡಿತು.

ಚಿತ್ತಾರದ ಗತಿಯು ಇದಕ್ಕೆ ವಿಪರೀತವಾಗಿದೆ. ಮಣ್ಣಿನ ಗೋಡೆಯು ಹೋಗಿ ಸಿಮೆಂಟಿನ ಗೋಡೆಯು ಬಂದಲ್ಲಿ ಕೆಮ್ಮಣ್ಣು ನಿಲ್ಲದು. ವಾರ್ಲಿ ಚಿತ್ರವು ೧೯೭೦ರ ದಶಕದಲ್ಲಿ ಕಾಗದಕ್ಕೆ ಇಳಿದು ದೇಶವಿದೇಶಗಳಲ್ಲಿ ಪ್ರಸಿದ್ಧಿಗೆ ಬಂದಂತೆ, ಹಸೆ ಚಿತ್ತಾರವೂ ಕಾಗದ, ಬಟ್ಟೆ, ಹಲಗೆಗಳಿಗೆ ಇಳಿದು ಪ್ರದರ್ಶನಗಳಲ್ಲಿ ಕಾಣಿಸಿಕೊಂಡಿತು. ಇದರಿಂದ ಬರೆಯುವವರಿಗೆ ಹೆಸರೂ ಹಣವೂ ದೊರೆಯುವುದು ಸಂತೋಷದ ವಿಷಯ. ಅಜ್ಞಾತಳಾಗಿದ್ದ ಚಿತ್ತಾರಗಿತ್ತಿಗೆ ಇದು ನ್ಯಾಯವಾಗಿ ಸಲ್ಲತಕ್ಕುದೇ ಆಗಿದೆ. ಆದರೆ ಚೌಕಟ್ಟಿನೊಳಗೆ ಹಸೆಯಿಲ್ಲ, ಹಾಡಿಲ್ಲ, ಕೂಡುವ ಇಬ್ಬರಿಲ್ಲ. ಚಿತ್ರವು ಉಳಿದು ಸಂದರ್ಭವು ಅಳಿದರೆ, ಕಲ್ಲಿನ ತೋರಣಕ್ಕೆ ಆದ ಗತಿಯೇ ಚಿತ್ತಾರಕ್ಕೂ ಆಗುತ್ತದೆ.

ಆದುದರಿಂದ ಈ ಅಲಂಕಾರಗಳ ವಿಷಯದಲ್ಲಿ ವಿದ್ವಾಂಸರು ಮಾಡಬೇಕಾದ ಕೆಲಸವು ಪ್ರಾಚ್ಯವಸ್ತುಗಳ ಸಂಗ್ರಹಕ್ಕಿಂತ ಭಿನ್ನವಾದುದು. ಬಾಸಿಗವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರೆ ಒಣಗಿದ ಬೆಂಡು ಮಾತ್ರ ಉಳಿಯುತ್ತದೆ. ಬರೆದಿಡಬೇಕಾದುದು ಕಾಂಡವನ್ನು ಕೀಳುವ ಋತು, ಹಾಳೆಯನ್ನು ಬಿಚ್ಚುವ ಹದ, ಎಳೆಗಳ ಹೆಸರುಗಳು, ಬರೆಯುವಾಗಿನ ಹಾಡುಗಳ ಕ್ರಮ, ಯಾರು ಯಾರಿಗಾಗಿ ಏನನ್ನು ಪಡೆದು ಮಾಡುತ್ತಿದ್ದರೆಂಬ ವಿವರ. ಅದಕ್ಕೂ ಮೊದಲು ಉಳಿಯಬೇಕಾದುದು ಬೆಂಡು ಬೆಳೆಯುವ ಕೆರೆಯ ಹಿನ್ನೀರು. ಹೂಳು ತುಂಬಿಯೋ ಒತ್ತುವರಿಯಿಂದಲೋ ಕೆರೆಯು ಹೋದಲ್ಲಿ ಗಿಡವಿಲ್ಲ. ಗಿಡವಿಲ್ಲದಲ್ಲಿ ಕೈಯ ಹದವು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಕೆರೆಯನ್ನು ಕಟ್ಟಿಸಿದವನ ಶಾಸನವನ್ನು ಅಚ್ಚಿಗೆ ತಂದು ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಅದೇ ಕೆರೆಯಲ್ಲಿ ಬೆಳೆದ ಬೆಂಡಿನ ವೃತ್ತಾಂತವನ್ನು ಗುಡಿಗಾರರ ಮನೆಗಳಲ್ಲಿ ಹದವನ್ನು ಬಲ್ಲ ಕೈಗಳು ಇರುವಾಗಲೇ ಬರೆದಿಡುವುದು ಅಗತ್ಯ.